ಎಡಹುರಿ ಹಗ್ಗ

ನನ್ನ ಕೈಯ ಹಗ್ಗವನ್ನು ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಹಿಡಿಯಬಹುದು. ಹಂಗಾರಕಟ್ಟೆಯಿಂದ ಮರವಂತೆಯವರೆಗೆ ಕತ್ತ ಹೊಸೆಯುವ ಹೆಂಗಸರು ಎಷ್ಟು ಮಂದಿಯೋ, ಅವರೆಲ್ಲರ ಹುರಿ ಬಲಕ್ಕೆ ಸುತ್ತುತ್ತದೆ, ನನ್ನದು ಎಡಕ್ಕೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ. ಬರಲಿ. ಈ ವಯಸ್ಸಿಗೆ ಅಷ್ಟೂ ಜಂಬವಿಲ್ಲದಿದ್ದರೆ ಬದುಕಿದ್ದು ದಂಡ. ಆದರೆ ಈ ಜಂಬ ನನ್ನೊಬ್ಬಳದಲ್ಲ. ಇದರಲ್ಲಿ ಪಾಲು ಕೇಳುವ ಹಕ್ಕಿದ್ದ ಹೆಂಗಸರು ಏಳೆಂಟು ಮಂದಿ ಇದ್ದರು. ಅವರ ಸುದ್ದಿ ಹೇಳದೆ ಬರೇ ನನ್ನ ಕೈ ತೋರಿಸಿಕೊಂಡರೆ ಅದು ಸರಿಯಾಗುವುದಿಲ್ಲ.

ನಾನು ಹುಟ್ಟಿದ್ದು ಕೆರಾಡಿಯಲ್ಲಿ. ಗದ್ದೆ ಮುಗಿದ ಕೂಡಲೇ ಕಾಡು ಶುರುವಾಗುವ ಊರು. ಸಮುದ್ರದ ಬದಿಯನ್ನು ನಾನು ಮೊದಲು ಕಂಡದ್ದು ಮದುವೆಯಾದ ಮೇಲೆ, ಹದಿನೇಳನೆಯ ವಯಸ್ಸಿನಲ್ಲಿ. ಹೊಳೆ ದಾಟಿ ಹಂಗಾರಕಟ್ಟೆಯ ದಡದಲ್ಲಿ ದೋಣಿ ಇಳಿದವಳು ಮಾಡಿದ ಮೊದಲ ಕೆಲಸ ಸೆರಗಿನಿಂದ ಮೂಗು ಮುಚ್ಚಿಕೊಂಡದ್ದು. ಅಲ್ಲಿ ತೆಂಗಿನಕಾಯಿಯ ಸಿಪ್ಪೆಯನ್ನು ಹೊಳೆಯ ಉಪ್ಪು ಕೆಸರಿನಲ್ಲಿ ಹೂತು, ಹೆಚ್ಚುಕಮ್ಮಿ ಒಂದು ವರ್ಷ ಕೊಳೆಯಲು ಬಿಡುತ್ತಾರೆ. ಆಮೇಲೆ ಅಗೆದು ತೆಗೆದು, ಕೊಡತಿಯಲ್ಲಿ ಬಡಿದು, ತೊಳೆದು ಒಣಗಿಸಿದರೆ ಹೊಂಬಣ್ಣದ ನಾರು ಸಿಗುತ್ತದೆ. ಅದೇ ಕತ್ತ. ಅಗೆದು ಹಾಕಿದ ಸಿಪ್ಪೆಯ ವಾಸನೆ ದಡದ ತುಂಬ ಹರಡಿತ್ತು. ಪಕ್ಕದ ಮನೆಯ ಹೆಂಗಸೊಬ್ಬಳು ದಡದಲ್ಲೇ ನಿಂತು, "ಮದಿಮಗ್ಳಿಗೆ ನಮ್ ಊರಿನ್ ಅತ್ತರ್ ಹಿಡಿಸ್ಲಿಲ್ಲೆ ಕಾಂತ್" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆ ದೊಡ್ಡ ಬಾಯಿಯವಳು ಮುಂದೆಯೂ ಬರುತ್ತಾಳೆ.

ನನ್ನ ಗಂಡ ಮಂಜಿ ಕಟ್ಟುವವರಿಗೆ ಹಗ್ಗ ಮಾಡಿಕೊಡುತ್ತಿದ್ದರು. ಮಂಜಿ ಎಂದರೆ ಹಾಯಿ ಬಿಚ್ಚಿಕೊಂಡು ದೂರದ ಬಂದರುಗಳಿಗೆ ಸರಕು ಒಯ್ಯುವ ಮರದ ಹಡಗು. ಅದನ್ನು ಕಟ್ಟುವ ಜಾಗ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಹಗ್ಗದ ಕೆಲಸ ನೋಡಲು ಸಸಾರ. ಕಾಲು ನೀಡಿ ಕೂತು, ನಾರನ್ನು ಎರಡು ಅಂಗೈಗಳ ನಡುವೆ ಇಟ್ಟು ಉಜ್ಜುತ್ತ ಹೋದರೆ ಹುರಿಯಾಗುತ್ತದೆ. ಹಲವು ಹುರಿ ಸೇರಿದರೆ ಒಂದು ಎಳೆ, ಮೂರು ಎಳೆ ಸೇರಿಸಿ ತಿರುಚಿದರೆ ಮಂಜಿಯನ್ನೇ ಎಳೆಯುವ ಹಗ್ಗ. ಹುರಿ ಮಾಡುವಾಗ ಲೋಕವೆಲ್ಲ ಬಲಗೈಯನ್ನು ಮುಂದಕ್ಕೆ ತಳ್ಳುತ್ತದೆ. ನನ್ನ ಗಂಡ ಎಡಚ. ಅಮ್ಮನ ಪೆಟ್ಟಿಗೆ ಹೆದರಿ ಊಟಕ್ಕೆ ಮಾತ್ರ ಬಲಗೈ, ಉಳಿದದ್ದಕ್ಕೆಲ್ಲ ಎಡಗೈಯೇ. ಹಾಗಾಗಿ ಅವರ ಹುರಿ ಉಳಿದವರ ಹುರಿಗೆ ತಿರುಗುಮುರುಗು. ಅವರು ಶುರುವಿನಿಂದ ಕೊನೆಯವರೆಗೆ ಒಬ್ಬರೇ ಮಾಡುತ್ತಿದ್ದರಿಂದ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ನನಗೆ ಕತ್ತ ಹೊಸೆಯಲು ಕಲಿಸಿದವರು ಅವರೇ. ಎದುರು ಕೂತು ಕಲಿತಿದ್ದರೆ ಬಲಗೈ ಮುಂದೆ ಬರುತ್ತಿತ್ತೋ ಏನೋ. ಹೊಸ ಮದುಮಗಳು, ಪಕ್ಕದಲ್ಲಿ ಕೂತೆ. ಅವರ ಎಡಗೈ ಮುಂದೆ ಹೋದ ಹಾಗೆ ನನ್ನದೂ ಹೋಯಿತು. ಹೀಗೆ ಬಲಗೈಯವಳಾಗಿ ಹುಟ್ಟಿದ ನಾನು ಕತ್ತದ ಮಟ್ಟಿಗೆ ಎಡಚಿಯಾದೆ. "ಎಡ್ಚಂಗೆ ತಕ್ಕ ಎಡ್ಚಿ" ಎಂದು ದಡದ ಹೆಂಗಸರು ತಮಾಷೆ ಮಾಡಿದರು. ನನಗೆ ಸಿಟ್ಟು ಬರಲಿಲ್ಲ. ಒಳಗೊಳಗೇ ಖುಷಿಯಾಗಿತ್ತು.

ಆ ಮನೆ ನನ್ನ ಗಂಡನದಲ್ಲ, ಗಂಡನ ಅಕ್ಕನದು. ನಮ್ಮದು ಅಳಿಯಕಟ್ಟು. ಮನೆ, ಗದ್ದೆ ಎಲ್ಲ ಹೆಣ್ಣಿನ ಕಡೆಯಿಂದ ಹೆಣ್ಣಿಗೆ ಇಳಿಯುತ್ತದೆ. ಗಂಡಸು ತನ್ನ ಅಕ್ಕತಂಗಿಯರ ಮನೆಯಲ್ಲಿ ಹೆಂಡತಿಯನ್ನು ಇಟ್ಟುಕೊಂಡು ಬದುಕುತ್ತಾನೆ. ಅವನು ಸತ್ತರೆ, ಉತ್ತರಕ್ರಿಯೆಯ ಬೊಜ್ಜದ ದಿನ ಕಳೆದ ಮೇಲೆ ಹೆಂಡತಿಯ ತವರಿನವರು ಬಂದು ಅವಳನ್ನು ಕರೆದುಕೊಂಡು ಹೋಗುತ್ತಾರೆ. ಇದರಲ್ಲಿ ಯಾರ ಕ್ರೌರ್ಯವೂ ಇಲ್ಲ. ಅವಳಿಗೂ ತವರಿನಲ್ಲಿ ಅವಳದ್ದೇ ಪಾಲು ಇರುತ್ತದೆ. ಗಂಡನ ಆ ಅಕ್ಕ, ನನ್ನ ಅತ್ತಿಗೆಯೂ, ಹಾಗೆ ಬಂದವಳೇ. ಅವಳನ್ನು ಬೈಂದೂರಿಗೆ ಕೊಟ್ಟಿದ್ದರು. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ಹಿಂದೆ ಬಂದಿದ್ದಳು. ಮಾತು ಕಡಿಮೆ, ಕೆಲಸ ಜಾಸ್ತಿ, ಮುಖದಲ್ಲಿ ನಗು ಹಬ್ಬಕ್ಕೊಮ್ಮೆ. ಆರು ವರ್ಷ ಒಂದೇ ಒಲೆಯ ಮುಂದೆ ಕೂತರೂ ಅವಳಿಗೆ ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ನನಗೆ ತಿಳಿದಿರಲಿಲ್ಲ.

ನಲವತ್ತರ ದಶಕದ ನಡುವಿನ ಮಾತು ಇದು. ಯುದ್ಧದ ಕಾಲ. ರಂಗೂನಿನ ಅಕ್ಕಿ ನಿಂತು ಹೋಗಿತ್ತು, ಚಿಮಣಿ ಎಣ್ಣೆಗೆ ಬರ. ಆದರೆ ಮಂಜಿಗಳಿಗೆ ಮಾತ್ರ ಪುರುಸೊತ್ತಿಲ್ಲದಷ್ಟು ಕೆಲಸ. ಆ ವರ್ಷ ದೊಡ್ಡದೊಂದು ಮಂಜಿ ಕಟ್ಟುತ್ತಿದ್ದರು. ಮಳೆ ಕಳೆದ ಮೇಲೆ ನೀರಿಗೆ ಇಳಿಸುವಾಗ ಎಳೆಯಲು, ಆಮೇಲೆ ಲಂಗರಿಗೆ ಕಟ್ಟಲು, ಒಂದು ದಪ್ಪ ಹಗ್ಗ ಬೇಕೆಂದು ಮೇಸ್ತ್ರಿ ಬಂದು ಕೇಳಿದ್ದ. ನನ್ನ ಗಂಡ ಮಾತು ಕೊಟ್ಟರು. ಒಂದು ಎಳೆಗೆ ಬೇಕಾದಷ್ಟು ಹುರಿಯನ್ನು ಹೊಸೆದು, ಸುರುಳಿ ಸುತ್ತಿ ಅಟ್ಟಕ್ಕೆ ನೇತುಹಾಕಿದರು. ಆಸಾಡಿ ತಿಂಗಳಲ್ಲಿ ಜ್ವರ ಹಿಡಿಯಿತು. ಕಷಾಯ, ಲೇಪ, ಹರಕೆ ಎಲ್ಲ ಆಯಿತು. ಎಂಟನೆಯ ದಿನ ಬೆಳಿಗ್ಗೆ ನಾನು ಗಂಜಿ ತಿಳಿ ತರುವಷ್ಟರಲ್ಲಿ ಅವರು ಹೋಗಿದ್ದರು. ನನಗೆ ಇಪ್ಪತ್ತಮೂರು. ಮಕ್ಕಳಾಗಿರಲಿಲ್ಲ.

ಊರವರ ಬಗ್ಗೆ ಕೆಟ್ಟದ್ದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಅಕ್ಕಿಗೆ ತತ್ವಾರವಿದ್ದ ಆ ಮಳೆಗಾಲದಲ್ಲಿ ಒಂದು ದಿನವೂ ನಮ್ಮ ಮನೆಯ ಒಲೆ ಹಚ್ಚಲು ಬಿಡಲಿಲ್ಲ. ತಮ್ಮ ತಮ್ಮ ಮನೆಯ ಗಂಜಿಯನ್ನೇ ಪಾಲು ಮಾಡಿ ತಂದರು. ಸೌದೆ ತಂದರು, ಸೋರುವ ಮಾಡಿಗೆ ತೆಂಗಿನ ಮಡಲು ಹೊದಿಸಿದರು. ಆದರೆ ಬಾಯಿ ಬಿಟ್ಟರೆ ಎಲ್ಲರದ್ದೂ ಒಂದೇ ರಾಗ. ಹಣೆಬರಹ ಅಂದರು, ಎಳೆ ಪ್ರಾಯ ಅಂದರು, ದೇವರು ಒಳ್ಳೆಯವರನ್ನೇ ಬೇಗ ಕರೆಯುತ್ತಾನೆ ಅಂದರು. ಹಾಗಿದ್ದರೆ ನೀವೆಲ್ಲ ಇನ್ನೂ ಯಾಕೆ ಇದ್ದೀರಿ ಎಂದು ಕೇಳುವಷ್ಟು ಸಿಟ್ಟು ನನಗೆ ಬಂದಿತ್ತು. ಇನ್ನೊಂದು, ನನ್ನ ಗಂಡನ ಹೆಸರನ್ನು ಯಾರೂ ಎತ್ತಲಿಲ್ಲ. "ಹೋದವ" ಎಂದು ದನಿ ತಗ್ಗಿಸಿ ಹೇಳುವರು, ನನ್ನ ಮುಖ ನೋಡುವರು, ಸುಮ್ಮನಾಗುವರು. ಆರು ವರ್ಷ ನನ್ನ ಪಕ್ಕದಲ್ಲಿ ಕೂತು ಕತ್ತ ಹೊಸೆದ ಮನುಷ್ಯ ಹದಿಮೂರು ದಿನಗಳಲ್ಲಿ ಹೆಸರೂ ಇಲ್ಲದವರಾದರು. ಅದು ನನಗೆ ಸಾವಿಗಿಂತ ಹೆಚ್ಚು ನೋವು ಕೊಟ್ಟಿತು.

ಬೊಜ್ಜಕ್ಕೆ ಕೆರಾಡಿಯಿಂದ ಅಣ್ಣ ಬಂದ. ಊಟ ಮುಗಿದ ಮೇಲೆ ಜಗಲಿಯಲ್ಲಿ ಕೂತು, "ನಾಳೆ ಬೆಳಿಗ್ಗೆ ಹೊರಡುವ. ಅಲ್ಲಿ ನಿಂಗೆ ಎಂತ ಕಡ್ಮೆ ಇತ್ತ್?" ಎಂದ. ಅಣ್ಣ ಒಳ್ಳೆಯವನು. ಅವನ ಮನಸ್ಸಿನಲ್ಲಿ ಮುಂದಿನ ಯೋಚನೆಯೂ ಇತ್ತು. ಹೆಂಡತಿ ಸತ್ತವನೊಬ್ಬ ಅಲ್ಲೇ ಪಕ್ಕದ ಊರಿನಲ್ಲಿದ್ದಾನೆ, ವರ್ಷಾಂತ ಕಳೆಯಲಿ, ಆಮೇಲೆ ಕೂಡಿಕೆ ಮದುವೆ ಮಾಡಿಸಬಹುದು, ಎರಡು ಜೊತೆ ಕೋಣ ಇವೆ ಅವನಿಗೆ ಎಂದೂ ಸೂಚನೆ ಕೊಟ್ಟ. ಕೋಣಗಳ ವಿಷಯ ಎರಡು ಸಲ ಹೇಳಿದ, ಮನುಷ್ಯನ ವಿಷಯ ಒಂದು ಸಲ. ನಾನು ತಲೆ ತಗ್ಗಿಸಿ ಕೂತಿದ್ದೆ. ಹೋಗಲು ಮನಸ್ಸಿರಲಿಲ್ಲ. ಕೆರಾಡಿಯಲ್ಲಿ ಉಪ್ಪು ಕೆಸರಿಲ್ಲ, ಸಿಪ್ಪೆ ಕೊಳೆಸುವವರಿಲ್ಲ. ನನ್ನ ಗಂಡ ನನಗೆ ಕೊಟ್ಟುಹೋದದ್ದು ಒಂದೇ, ಕೈಯ ಕೆಲಸ. ಅದು ಈ ದಡ ಬಿಟ್ಟರೆ ಬೇರೆಲ್ಲೂ ನಡೆಯದು. ಆದರೆ ಇರುತ್ತೇನೆ ಎಂದು ಯಾವ ಬಾಯಿಯಲ್ಲಿ ಹೇಳಲಿ? ಮನೆ ನನ್ನದಲ್ಲ.

ಆಗ ಒಳಗಿನಿಂದ ಅತ್ತಿಗೆ ಬಂದು ಬಾಗಿಲಲ್ಲಿ ನಿಂತಳು. "ಹ್ವಾಯ್, ಒಂದ್ ಮಾತಿತ್ತ್. ನನ್ ತಮ್ಮ ಮಂಜಿ ಹಗ್ಗಕ್ಕ್ ಮಾತ್ ಕೊಟ್ಟಿದ್ದ. ಒಂದ್ ಎಳೆ ಆಯ್ತ್, ಎರಡ್ ಬಾಕಿ. ಅವ್ನ್ ಕೆಲ್ಸ ಗೊತ್ತಿಪ್ಪುದ್ ಇವ್ಳಿಗ್ ಒಬ್ಳಿಗೇ. ಹಗ್ಗ ಮುಗ್ಸೇ ಬಪ್ಪುದ್ ಅವ್ಳ್."

ಅಣ್ಣ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಕೊಟ್ಟ ಮಾತು ಎಂದಮೇಲೆ ಅವನಿಗೂ ಬೇಡವೆನ್ನಲು ಆಗಲಿಲ್ಲ. "ದೀಪಾವಳಿಗ್ ಬತ್ತೆ. ಆಗ ಮತ್ತೆ ನೆವ ಹೇಳುಕಾಗ" ಎಂದು ಎದ್ದ. ಮರುದಿನ ಮಳೆಯಲ್ಲಿ ಅವನೊಬ್ಬನೇ ದೋಣಿ ಹತ್ತಿದ.

ಅಣ್ಣ ಹೋದ ಮೂರನೆಯ ದಿನ ಅತ್ತಿಗೆ ಒಂದು ಹೊರೆ ಒಣ ಕತ್ತ ತಂದು ನನ್ನ ಮಡಿಲಿಗೆ ಹಾಕಿದಳು. "ಕೈ ಖಾಲಿ ಇಟ್ಕಂಬುಕಾಗ. ಹೊಸಿ." ಸಾವಾದ ಮನೆಯಲ್ಲಿ ಇದೆಂಥ ಆತುರ ಎಂದು ಬಂದವರು ಹುಬ್ಬು ಗಂಟಿಕ್ಕಿದರು. ನನಗೂ ಅವಳ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹೊಸೆದೆ. ನನ್ನ ಎಡಗೈ ಮುಂದೆ ಹೋಗುವುದನ್ನು ನೋಡುತ್ತ ಅತ್ತಿಗೆ ಪಕ್ಕದಲ್ಲಿ ಕೂತಿದ್ದಳು. ಆರು ವರ್ಷದಲ್ಲಿ ಆಡದ ಮಾತನ್ನು ಆಗ ಆಡಿದಳು.

"ನನ್ನ ಬೈಂದೂರಿಂದ ಕರ್ಕಂಡ್ ಬಪ್ಪತಿಗೆ ಹಟ್ಟಿಯಂಗೆ ಗಬ್ಬದ್ ದನ ಇದ್ದಿತ್. ನಾನೇ ಸಾಕದ್ದ್. ಇವತ್ತ್ ನಾಳೆ ಅಂತಿದ್ದಿತ್. ಬೊಜ್ಜದ್ ಮರ್ದಿನವೇ ಕರ್ಕಂಡ್ ಬಂದ್ರ್. ಅದ್ ಹೆಣ್ಣ್ ಕರು ಹಾಕ್ತಾ, ಗಂಡ್ ಹಾಕ್ತಾ, ನಂಗ್ ಇವತ್ತಿಗೂ ಗೊತ್ತಿಲ್ಲೆ."

"ಯಾರನ್ನಾದ್ರೂ ಕೇಳ್ಲಕ್ಕಿತ್ತಲೆ ಅತ್ಗೆ?" ಎಂದೆ.

"ಕೇಳೂಕ್ ಮನಸ್ ಬರ್ಲಿಲ್ಲೆ" ಎಂದು ಎದ್ದು ಒಳಗೆ ಹೋದಳು. ಅಂದು ನಾನು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ಇಪ್ಪತ್ತು ವರ್ಷ ಆ ಕರುವನ್ನು ಒಬ್ಬಳೇ ಹೊತ್ತುಕೊಂಡಿದ್ದ ಹೆಂಗಸು ನನಗೆ ಕೆಲಸ ಮುಗಿಸಲು ಜಾಗ ಮಾಡಿಕೊಟ್ಟಿದ್ದಳು.

ಒಬ್ಬಳ ಕೈಯಲ್ಲಿ ಎರಡು ಎಳೆ ದೀಪಾವಳಿಯ ಒಳಗೆ ಆಗುವ ಮಾತಲ್ಲ. ಇದು ದಡದ ಹೆಂಗಸರಿಗೂ ಗೊತ್ತು. ಶ್ರಾವಣದಲ್ಲಿ ಒಬ್ಬೊಬ್ಬರೇ ಬಂದು, "ಒಂದ್ ಕಟ್ಟ್ ಕತ್ತ ಕೊಡ್, ಮನ್ಯಗೆ ಹೊಸಿತೆ" ಎಂದು ಒಯ್ದರು. ಏಳು ಮನೆಯವರು. ದೊಡ್ಡ ಬಾಯಿಯವಳು ಎರಡು ಕಟ್ಟು ಒಯ್ದಳು. ಅವಳ ಹುರಿ ದಡದಲ್ಲೇ ಹೆಸರುವಾಸಿ, ಉಗುರಿನಲ್ಲಿ ಎಳೆದರೂ ನಾರು ಏಳದು. ತಮ್ಮ ಅಡುಗೆ, ಗದ್ದೆ, ಮಕ್ಕಳು ಎಲ್ಲ ಮುಗಿಸಿ, ಮಳೆಯಲ್ಲಿ ಕೂತು ಹೊಸೆದು, ಚೌತಿ ಕಳೆದ ಮೇಲೆ ಉಂಡೆ ಸುತ್ತಿ ತಂದು ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆ ಅಟ್ಟಕ್ಕೆ ಹಾಕಿದಳು. ನಾನು ಒಂದು ಉಂಡೆಯನ್ನೂ ಬಿಚ್ಚಿ ನೋಡಲಿಲ್ಲ. ನೋಡಬೇಕಿತ್ತು. ಆದರೆ ನಡೆಯುವವರು ಯಾವ ಕಾಲು ಮುಂದಿಟ್ಟೆವೆಂದು ನೋಡಿಕೊಳ್ಳುವುದಿಲ್ಲ. ಅವರೂ ಹಾಗೆ, ಹುಟ್ಟಿದಾಗಿನಿಂದ ಹೊಸೆದ ಹಾಗೆಯೇ ಹೊಸೆದಿದ್ದರು.

ಹಗ್ಗ ತಿರುಚುವ ದಿನ ಮಳೆ ಬಿಟ್ಟಿತ್ತು. ಹೊಳೆಯ ಬದಿಯಲ್ಲಿ ಸಾಲು ತೆಂಗಿನ ಮರಗಳ ಕೆಳಗೆ ಉದ್ದಕ್ಕೆ ಮೂರು ಎಳೆಗಳನ್ನು ಹಾಸಿದೆವು. ಒಂದು ನನ್ನ ಗಂಡನದು, ಒಂದು ನನ್ನದು, ಒಂದು ಏಳು ಮನೆಯದು. ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಕೋಲಿಗೆ. ಇಬ್ಬರು ಕೋಲು ಹಿಡಿದು ತಿರುಗಿಸತೊಡಗಿದರು. ಮೇಸ್ತ್ರಿಯೂ ನೋಡಲು ಬಂದಿದ್ದ. ಹತ್ತಿಪ್ಪತ್ತು ಸುತ್ತು ಆಗುವಷ್ಟರಲ್ಲಿ ಹಗ್ಗ ಹಾವಿನ ಹಾಗೆ ನುಲಿಯತೊಡಗಿತು. ಎರಡು ಎಳೆ ಬಿಗಿದುಕೊಂಡರೆ ಮೂರನೆಯದು ಬಿಚ್ಚಿಕೊಂಡು ಜೋಲುಬಿತ್ತು. ಅದನ್ನು ಬಿಗಿ ಮಾಡಲು ಕೋಲನ್ನು ಆಚೆ ತಿರುಗಿಸಿದರೆ ಈ ಎರಡು ಬಿಚ್ಚಿಕೊಂಡವು. ಮೂರು ಸಲ ಮಾಡಿದರು. ಮೂರು ಸಲವೂ ಹಾಗೆಯೇ.

ದೊಡ್ಡ ಬಾಯಿಯವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯಯ್ಯೋ, ಇದ್ ಅವ್ನೇ! ಹೆಂಡ್ತಿನ ಬಿಟ್ಟ್ ಹೋಪುಕ್ ಮನಸಿಲ್ದೆ ಹಗ್ಗ ಹಿಡ್ಕಂಡ್ ಎಳಿತಾ ಇದ್ದ!"

ಕೋಲು ಹಿಡಿದವರು ಕೋಲು ಬಿಟ್ಟರು. ಒಬ್ಬಳು ಅಳತೊಡಗಿದಳು. ದೈವ ಮೈಮೇಲೆ ಬರುವ ಪಾತ್ರಿಯನ್ನು ಕರೆಸಿ ಕೇಳಬೇಕು ಎಂದಳು ಇನ್ನೊಬ್ಬಳು. ನಾನು ಹೋಗಿ ಮೂರನೆಯ ಎಳೆಯನ್ನು ಎತ್ತಿಕೊಂಡು ಬೆರಳಲ್ಲಿ ತಿಕ್ಕಿ ನೋಡಿದೆ. ಕೂಡಲೇ ಗೊತ್ತಾಯಿತು. ಬೊಜ್ಜವಾದ ಮೇಲೆ ಗಟ್ಟಿಯಾಗಿ ಒಂದು ಮಾತೂ ಆಡದವಳು ಹೊಳೆಯಾಚೆಗೂ ಕೇಳುವ ಹಾಗೆ ಕೂಗಿದೆ. "ಅವ್ರಲ್ಲ ಮಾರಾಯ್ತಿ! ಇದ್ ನಿಮ್ ಕೈ! ನೀವೆಲ್ಲ ಬಲದವ್ರ್, ಅವ್ರ್ ಎಡ್ಚ! ಎಡಹುರಿಗೆ ಬಲಹುರಿ ಕೂಡಿರೆ ನಿಲ್ತಾ?"

ಎಲ್ಲರೂ ತಮ್ಮ ತಮ್ಮ ಅಂಗೈ ನೋಡಿಕೊಂಡರು. ಅಷ್ಟು ಜನ ನುರಿತ ಹೆಂಗಸರು, ಹಗ್ಗದಲ್ಲೇ ಹುಟ್ಟಿ ಬೆಳೆದವರು, ಒಬ್ಬಳಿಗೂ ಇದು ಹೊಳೆದಿರಲಿಲ್ಲ.

ಮೇಸ್ತ್ರಿ ವ್ಯವಹಾರದ ಮನುಷ್ಯ. "ಎಡದ್ದ್ ಬದಿಗಿಡ್ ಹೆಣೆ. ಇವ್ರೆಲ್ಲ ಕೂತ್ ಬಲದ್ದೇ ಮೂರ್ ಎಳೆ ಮಾಡ್ರೆ ಬೇಗ ಆತ್ತ್. ನಂಗ್ ಹಗ್ಗ ಸಿಕ್ಕಿರೆ ಸಾಕ್" ಎಂದ. ಅವನು ಹೇಳಿದ್ದು ಸರಿಯೇ. ಸುಲಭದ ದಾರಿ ಅದೇ. ಆದರೆ ಅವರ ಎಳೆಯನ್ನು ಬದಿಗಿಟ್ಟರೆ ಆ ಹಗ್ಗಕ್ಕೂ ಅವರಿಗೂ ಏನು ಸಂಬಂಧ? ಆ ಹಗ್ಗಕ್ಕೂ ನನಗೂ ಏನು ಸಂಬಂಧ? ನಾನು ನಾಳೆಯೇ ಕೆರಾಡಿಯ ದೋಣಿ ಹತ್ತಬಹುದು.

ಮಾತಾಡಿದ್ದು ಅತ್ತಿಗೆ. "ಬದಿಗಿಡುಕೆ ಅದೆಂತ ಹರ್ಕ್ ಬುಟ್ಟಿಯಾ? ನನ್ ತಮ್ಮ ಕಡೇಗ್ ಮಾಡದ್ದ್ ಅದ್." ಆಮೇಲೆ ಹೆಂಗಸರ ಕಡೆ ತಿರುಗಿ, "ಯಾರಿಗ್ ಎಡಗೈ ಇಲ್ಲೆ? ಇಲ್ದೆ ಇದ್ದವ್ರ್ ಮನಿಗ್ ಹೋಯ್ನಿ" ಎಂದಳು.

ಯಾರೂ ಹೋಗಲಿಲ್ಲ. ಆ ಕ್ಷಣ ನೆನೆದರೆ ಇಂದಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಮರುದಿನದ ಮಧ್ಯಾಹ್ನದಿಂದ ನಮ್ಮ ಜಗಲಿ ಮಗ್ಗಿ ಕಲಿಯುವ ಶಾಲೆಯ ಹಾಗಾಯಿತು. ಏಳು ಹೆಂಗಸರು, ಅತ್ತಿಗೆ, ನಡುವೆ ನಾನು ಉಪಾಧ್ಯಾಯಿನಿ. ಎಲ್ಲರಿಗಿಂತ ಚಿಕ್ಕವಳು. ಮೊದಲು ಅಷ್ಟೂ ಬಲಹುರಿಯನ್ನು ಬಿಚ್ಚಿ ಮತ್ತೆ ನಾರು ಮಾಡಿದರು. ತಿಂಗಳಿಡೀ ಮಾಡಿದ ಕೆಲಸವನ್ನು ತಮ್ಮ ಕೈಯಾರೆ ಬಿಚ್ಚುವುದು ಸಣ್ಣ ಮಾತಲ್ಲ. ಆಮೇಲೆ ಎಡಗೈ ಮುಂದೆ. ಮೂರು ದಿನ ಯಾರ ಹುರಿಯೂ ಹುರಿಯಾಗಲಿಲ್ಲ. ಕಣ್ಣು ತಪ್ಪಿದರೆ ಬಲಗೈ ಮುಂದೆ ಓಡುತ್ತಿತ್ತು. ಒಬ್ಬಳು ಬಲಗೈಗೆ ಬಟ್ಟೆ ಕಟ್ಟಿಕೊಂಡು ಬಂದಳು, ನೆನಪಿರಲಿ ಎಂದು. ಎಲ್ಲರಿಗಿಂತ ಕೆಟ್ಟದ್ದು ದೊಡ್ಡ ಬಾಯಿಯವಳದು. ದಡಕ್ಕೇ ಹೆಸರಾಗಿದ್ದ ಆ ಕೈಯಿಂದ ಕೋಳಿ ಕೆದಕಿದ ಹಾಗಿನ ಹುರಿ ಬರುತ್ತಿತ್ತು. ನಾನು ಮುಲಾಜಿಲ್ಲದೆ ಬಿಚ್ಚಿಸಿದೆ. ಅವಳು ಹಲ್ಲು ಕಚ್ಚಿ ಮತ್ತೆ ಹೊಸೆದಳು.

ಕೈ ಸೋತಾಗ ಅವರೆಲ್ಲ ಬೈದದ್ದು ನನ್ನ ಗಂಡನನ್ನು. "ಎಂಥಾ ಎಡ್ಚ ಮಾರಾಯ್ತಿ ನಿನ್ ಗಂಡ! ಸತ್ತ ಮೇಲೂ ನಮ್ಮ ಆಟ ಆಡ್ಸ್ತ!" ಹಾಗೆ ಶುರುವಾದದ್ದು ನಿಲ್ಲಲೇ ಇಲ್ಲ. ನಮ್ಮ ಮದುವೆಯ ಧಾರೆಯ ಹೊತ್ತಿಗೆ ಅವರು ಎಡಗೈ ಚಾಚಿ ಹಿರಿಯರಿಂದ ಬೈಸಿಕೊಂಡದ್ದನ್ನು ಒಬ್ಬಳು ಹೇಳಿದಳು. ಅವರು ಒಮ್ಮೆ ದೊಡ್ಡ ಬಾಯಿಯವಳ ಕರುವನ್ನು ಕಟ್ಟಿಹಾಕಿದ್ದರಂತೆ. ಎಡಗೈಯ ಆ ಗಂಟನ್ನು ಮನೆಮಂದಿಯೆಲ್ಲ ಸೇರಿ ಬಿಚ್ಚಲಾಗದೆ, ಕಡೆಗೆ ಹಗ್ಗವನ್ನೇ ಕೊಯ್ಯಬೇಕಾಯಿತಂತೆ. "ಕರು ತಪ್ಪಿಸ್ಕಣುಕಾಗ ಅಂದ್ಹೇಳಿ ಕಟ್ಟದ್ದಾ, ನಾವ್ ಬಿಚ್ಚುಕಾಗ ಅಂದ್ಹೇಳಿ ಕಟ್ಟದ್ದಾ?" ಎಂದು ಅವಳು ಅಭಿನಯ ಮಾಡಿ ತೋರಿಸಿದಾಗ ನನಗೆ ನಗು ತಡೆಯಲಿಲ್ಲ. ನಕ್ಕುಬಿಟ್ಟೆ. ನಕ್ಕ ಮೇಲೆ ಹೆದರಿ ಬಾಯಿ ಮುಚ್ಚಿಕೊಂಡೆ.

"ನೆಗ್ಯಾಡ್ ಹೆಣೆ, ನೆಗ್ಯಾಡ್" ಎಂದಳು ಅವಳು. "ಅವ್ನೂ ನೆಗಾಡ್ತಿದ್ದ, ನಮ್ ಹುರಿ ಕಂಡಿರೆ."

ಅವರ ಹೆಸರು ಜಗಲಿಗೆ ಮರಳಿ ಬಂತು. ದಿನಾ ಹತ್ತು ಸಲ, ಬೈಗುಳದ ಜೊತೆಗೆ, ತಮಾಷೆಯ ಜೊತೆಗೆ. ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಹಣೆಬರಹ ಎಂದು ನೂರು ಸಲ ಕೇಳಿದರೂ ಆಗದ ಸಮಾಧಾನ ನನಗೆ ಆಗ ಆಯಿತು. ಅಳು ಬಂದಾಗ ಅತ್ತೆ. ಹೆಂಗಸರೂ ಅತ್ತರು. ಕೈ ಮಾತ್ರ ನಿಲ್ಲಿಸಲಿಲ್ಲ.

ನವರಾತ್ರಿಯ ಹೊತ್ತಿಗೆ ಮೂರನೆಯ ಎಳೆ ಮುಗಿಯಿತು. ಎರಡನೆಯ ಸಲ ಹಗ್ಗ ತಿರುಚುವಾಗ ಎಲ್ಲರ ಕಣ್ಣೂ ಮೂರನೆಯ ಎಳೆಯ ಮೇಲೆ. ಕೋಲು ತಿರುಗಿತು. ಮೂರೂ ಎಳೆ ಒಂದನ್ನೊಂದು ಹಿಡಿದುಕೊಂಡು ಬಿಗಿಯುತ್ತ ಹೋದವು. ಎಲ್ಲಿಯೂ ಜೋಲಿಲ್ಲ, ನುಲಿಯಿಲ್ಲ. ಮುಗಿದ ಮೇಲೆ ನೋಡಿದರೆ ಯಾವುದು ಅವರ ಎಳೆ, ಯಾವುದು ನನ್ನದು, ಯಾವುದು ಏಳು ಮನೆಯದು ಎಂದು ನನಗೇ ಹೇಳಲಾಗಲಿಲ್ಲ. ದೊಡ್ಡ ಬಾಯಿಯವಳು ಹಗ್ಗದ ಮೇಲೆ ಕೂತು, "ಈಗ ಎಳಿ ಕಾಂಬ!" ಎಂದು ಆಕಾಶ ನೋಡಿ ಹೇಳಿದಳು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಮಂಜಿಯನ್ನು ಇಳಿಸಿದರು. ಸಮುದ್ರದ ಉಬ್ಬರ, ಭರತ ಬಂದು ಹೊಳೆ ತುಂಬಿದ ಹೊತ್ತು. ಶುಭದ ಕೆಲಸ, ನಾನು ದೂರವೇ ಇರುತ್ತೇನೆಂದು ಮನೆಯಲ್ಲಿ ಕೂತಿದ್ದೆ. ದೊಡ್ಡ ಬಾಯಿಯವಳು ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಮರದ ದಿಮ್ಮಿಗಳ ಮೇಲೆ ಮಂಜಿ ನಿಂತಿತ್ತು. ನಮ್ಮ ಹಗ್ಗವನ್ನು ಅದಕ್ಕೆ ಕಟ್ಟಿ ಊರ ಗಂಡಸರೆಲ್ಲ ಹಿಡಿದರು. ಐಲೇಸಾ ಎಂದು ಒಂದೇ ಉಸಿರಿಗೆ ಎಳೆದಾಗ ಹಗ್ಗ ನರಳಿತು. ಮಂಜಿ ಒಂದು ಗೇಣು ಜರುಗಿತು, ಆಮೇಲೆ ಒಂದು ಮಾರು, ಆಮೇಲೆ ತಾನಾಗಿಯೇ ನೀರಿಗೆ ನುಗ್ಗಿತು. ಹಗ್ಗದ ಒಂದು ನಾರೂ ಎದ್ದಿರಲಿಲ್ಲ. ಗಂಡಸರು ಮಂಜಿ ನೋಡಿ ಕೂಗಿದರು, ನಾವು ಎಂಟೊಂಬತ್ತು ಹೆಂಗಸರು ಹಗ್ಗ ನೋಡಿ ಕೂಗಿದೆವು. ನನ್ನ ಜನ್ಮದಲ್ಲಿ ಅಷ್ಟು ಹೆಮ್ಮೆ ನನಗೆ ಮತ್ತೆ ಆದದ್ದಿಲ್ಲ. ಮೇಸ್ತ್ರಿ ಜನರನ್ನು ದಾಟಿಕೊಂಡು ನನ್ನ ಹತ್ತಿರ ಬಂದು, "ಎಡದ್ ಹಗ್ಗ ಗಟ್ಟಿ ಇತ್ತ್. ಬಪ್ಪ ವರ್ಷದ್ದೂ ನೀನೇ ಮಾಡ್" ಎಂದ.

ಬಪ್ಪ ವರ್ಷ! ಹೌದು ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಹಗ್ಗ ಮುಗಿದಿತ್ತು. ಅತ್ತಿಗೆ ಅಣ್ಣನ ಹತ್ತಿರ ಕೇಳಿಕೊಂಡದ್ದು ಹಗ್ಗ ಮುಗಿಯುವವರೆಗೆ ಮಾತ್ರ. ಆಮೇಲೆ ಏನು ಎಂದು ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಕೇಳಿ, ಅವಳು ಸುಮ್ಮನೆ ನಿಂತರೆ? ಮನೆ ಅವಳದು. ನಾನು ಅವಳ ಸತ್ತ ತಮ್ಮನ ಹೆಂಡತಿ, ಅಷ್ಟೇ. ದೀಪಾವಳಿಯ ಹಿಂದಿನ ದಿನ ಎರಡು ಸೀರೆ ಮಡಚಿ ಗಂಟು ಕಟ್ಟಿಟ್ಟೆ. ಅತ್ತಿಗೆ ನೋಡಿದಳು. ನೋಡಿ, ಹುಲ್ಲಿನ ಕಟ್ಟು ಎತ್ತಿಕೊಂಡು ಹಟ್ಟಿಗೆ ಹೋದಳು.

ಅಣ್ಣ ಹಬ್ಬದ ಮರುದಿನ ಬೆಳಿಗ್ಗೆ ಬಂದ. ಕಾಲು ತೊಳೆದು ಜಗಲಿಯಲ್ಲಿ ಕೂತ. ಅತ್ತಿಗೆ ಜಗಲಿಯ ಮೂಲೆಯಲ್ಲಿ ಕಾಲು ನೀಡಿಕೊಂಡು ಕತ್ತ ಹೊಸೆಯುತ್ತಿದ್ದಳು. ನಾನು ಅವನಿಗೆ ನೀರು, ಬೆಲ್ಲ ತಂದಿಟ್ಟೆ. "ಹಗ್ಗ ಮುಗೀತಂಬ್ರಲೆ? ದಾರಿಯಂಗೇ ಹೇಳದ್ರ್. ಒಳ್ಳೆ ಹೆಸ್ರ್ ತೆಗ್ದೆ" ಎಂದು ನನ್ನ ಕಡೆ ನೋಡಿ ನಕ್ಕ. ಆಮೇಲೆ ಅತ್ತಿಗೆಗೆ, "ಹಂಗಾರೆ ಹೊರಡ್ಲಕ್ಕಲೆ?" ಎಂದ.

ಅತ್ತಿಗೆ ತಲೆ ಎತ್ತಲಿಲ್ಲ. "ಆ ಹಗ್ಗ ಮುಗೀತ್. ಇದ್ ಬಪ್ಪ ವರ್ಷದ್ದ್."

ನಾನು ಅವಳ ಕೈ ನೋಡಿದೆ. ಎಡಗೈ ಮುಂದೆ ಹೋಗುತ್ತಿತ್ತು. ಮಂಜಿಯ ಹಗ್ಗ ಮುಗಿದ ಮೇಲೆ ಉಳಿದ ಹೆಂಗಸರೆಲ್ಲ ಅವರವರ ಬಲಗೈಗೆ ಮರಳಿದ್ದರು. ಅತ್ತಿಗೆ ಮರಳಿರಲಿಲ್ಲ. ಮೂವತ್ತು ವರ್ಷ ಬಾವಿಹಗ್ಗಕ್ಕೆ, ದನದ ಹಗ್ಗಕ್ಕೆ ಬಲಹುರಿಯನ್ನೇ ಹೊಸೆದ ಹೆಂಗಸು ಯಾರೂ ಹೇಳದೆ ಎಡಹುರಿ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಆಗಲೇ ಒಂದು ಸಣ್ಣ ಸುರುಳಿ ಸುತ್ತಿಟ್ಟಿದ್ದಳು. ನಾನಿಲ್ಲದ ಮನೆಯಲ್ಲಿ ಆ ಹುರಿಯಿಂದ ಯಾರಿಗೆ ಏನು ಉಪಯೋಗ?

ಅಣ್ಣನಿಗೆ ಹುರಿಯ ದಿಕ್ಕು ಗೊತ್ತಾಗುವುದಿಲ್ಲ. ಅವನು, "ಕಟ್ಟಳೆ ಅಂದ್ಹೇಳಿ ಒಂದಿತ್ತಲೆ" ಎಂದು ಶುರುಮಾಡಿದ.

"ಇತ್ತ್" ಎಂದಳು ಅತ್ತಿಗೆ. "ಮನಿ ಹೆಣ್ಣಿಂದ್ ಅಂಬ್ರ್ ಕಟ್ಟಳೆಯಂಗೆ. ಈ ಮನಿ ಹೆಣ್ಣ್ ನಾನ್. ಯಾರ್ ಇರ್ಕ್ ಯಾರ್ ಹೋಯ್ಕ್ ಅಂದ್ಹೇಳಿ ನಾನ್ ಹೇಳುದ್. ನನ್ ತಮ್ಮ ಹೂತಿಟ್ಟ ಸಿಪ್ಪೆ ಇನ್ನೂ ಹೊಳಿ ಕೆಸ್ರಂಗೆ ಇತ್ತ್. ಅದನ್ನ ಯಾರ್ ಹೊಸೂದ್?"

ಅಣ್ಣ ನನ್ನ ಮುಖ ನೋಡಿದ. "ನೀ ಎಂತ ಹೇಳ್ತೆ?"

ನಾನು ಒಳಗೆ ಹೋಗಿ ಗಂಟು ಬಿಚ್ಚಿ ಎರಡು ಸೀರೆಗಳನ್ನೂ ತಂದು, ಅವನಿಗೆ ಕಾಣುವ ಹಾಗೆ ಬಟ್ಟೆ ಒಣಗಿಸುವ ಬಳ್ಳಿಯ ಮೇಲೆ ಹಾಕಿದೆ.

ಅವನು ಮಧ್ಯಾಹ್ನ ಊಟ ಮಾಡಿ ಹೊರಟ. ಹೋಗುವಾಗ, "ಆ ಕೋಣದವ್ನಿಗೆ ಎಂತ ಹೇಳ್ಲಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದ. ಉತ್ತರ ಕೊಟ್ಟದ್ದು ಅತ್ತಿಗೆಯೇ. "ಕೋಣಕ್ಕ್ ಹಗ್ಗ ಬೇಕಾರೆ ಬಪ್ಪುಕ್ ಹೇಳ್." ಅಣ್ಣ ಜೋರಾಗಿ ನಕ್ಕ. ನಗುತ್ತಲೇ ದೋಣಿ ಹತ್ತಿದ.

ನಾನು ಒಂದು ಕಟ್ಟು ಕತ್ತ ತೆಗೆದುಕೊಂಡು ಬಂದು ಅತ್ತಿಗೆಯ ಹತ್ತಿರ ಕೂತೆ. ಎದುರು ಅಲ್ಲ, ಪಕ್ಕದಲ್ಲಿ. ಇಬ್ಬರೂ ಹೊಸೆದೆವು. ಆಮೇಲೆ ಅವಳು ತನ್ನ ಹುರಿಯ ತುದಿಯನ್ನು ನನ್ನ ಕಡೆ ಚಾಚಿ, ನನ್ನ ಮುಖ ನೋಡದೆ, "ಸರಿ ಆಯ್ತಾ ಕಾಣ್" ಎಂದಳು.

ಬೆರಳಲ್ಲಿ ತಿಕ್ಕಿ ನೋಡಿದೆ. ಸ್ವಲ್ಪ ಸಡಿಲವಿತ್ತು. ಬೇರೆ ಯಾರದ್ದಾದರೂ ಆಗಿದ್ದರೆ ಬಿಚ್ಚಿಸುತ್ತಿದ್ದೆ. "ಸರಿ ಇತ್ತ್ ಅತ್ಗೆ" ಎಂದೆ.